ಎಷ್ಟು ವ್ಯಾಟ್?

ಎಷ್ಟು ವ್ಯಾಟ್ ಬೇಕು, ಎಂದ ಅಂಗಡಿಯ ಎಫ್ರೇನ್.
ಎಷ್ಟು ಮಂದಿ ಹಿಡಿಸುವ ಜಾಗ?
ಬಟ್ಟೆ ಒಗೆಯುವ ಯಂತ್ರ ಒಂದು, ಒಣಗಿಸುವುದು ಒಂದು,
ನಡುವೆ ನನ್ನ ಎರಡು ಮೊಣಕಾಲು ಹಿಡಿಸಿದರೆ
ಜಾಗ ಮುಗಿಯಿತು, ಎಂದೆ.
ಅವನು ನಗಲಿಲ್ಲ. ಬರೆದುಕೊಂಡ.

ಹೊರಗೆ ಅಮರಿಲ್ಲೋದ ಮಾರ್ಚ್ ಗಾಳಿ
ಯಾರದೋ ಹೊಲದ ಮಣ್ಣನ್ನು ಯಾರದೋ ಕಾರಿಗೆ ಬಳಿಯುತ್ತಿತ್ತು.

ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು ನಾನು.
ಪೆಡಲ್ಲಿನ ಭಾಷೆ ಪಾದಕ್ಕೆ ಗೊತ್ತು.
ಈ ವಾದ್ಯಕ್ಕೆ ಎಡಗಾಲಿಗೆ ಮೂರು,
ಮೊಣಕಾಲಿಗೆ ಅತ್ತಿತ್ತ ತಳ್ಳುವ ನಾಲ್ಕು ಸನ್ನೆ,
ಬಲಗಾಲು ಪೂರ್ತಿ ವಾಲ್ಯೂಮಿಗೆ ಮೀಸಲು.
ಕಾಲು ಹೇಳಿದ್ದು ಕೇಳುತ್ತದೆ.
ಕೈಗಳೇ, ಗಂಟೆ ಬಾರಿಸಿದ ಮೇಲಿನ ಮಕ್ಕಳು.

ವಾದ್ಯ ಬಂದದ್ದು ಇಮೋಜೀನಳ ಮನೆಯಿಂದ.
ಆರ್ವಿಲ್ ತೀರಿಕೊಂಡು ಮೂರು ಚಳಿಗಾಲ.
ಕಾಲುಗಳನ್ನು ಬಿಚ್ಚಿ ಕೊಟ್ಟಳು, ಕಡ್ಡಿಗಳನ್ನು ಒರೆಸಿ ಕೊಟ್ಟಳು,
ಬೆರಳಿನ ಉಗುರುಗಳನ್ನು ತಂಬಾಕಿನ ಡಬ್ಬಿಯಲ್ಲಿಟ್ಟು ಕೊಟ್ಟಳು.
ಆಂಪ್ಲಿಫೈಯರ್?
ಅದು ಮಾರಾಟಕ್ಕಿಲ್ಲ. ಅದರ ಮೇಲೆ ಗಿಡ ಇದೆ.

ಎಫ್ರೇನ್ ಮೊದಲು ತೋರಿಸಿದ್ದು ಎದೆಮಟ್ಟದ್ದು;
ಒಳಗೆ ನಾಲ್ಕು ವಾಲ್ವು ಕೆಂಡದ ಹಾಗೆ,
ಏಳಕ್ಕೆ ತಿರುಗಿಸುವ ತನಕ ಮುನಿಸಿಕೊಂಡೇ ಇರುವ ಜಾತಿ.
ಎರಡನೆಯದು ರೊಟ್ಟಿಯಷ್ಟಗಲ. ನಲವತ್ತು ದನಿ ಬರುತ್ತವಂತೆ.
ಅದರದೇ ಒಂದು ದನಿ ಯಾವುದು ಅಂದರೆ ಹುಡುಕತೊಡಗಿದ.
ಮೂರನೆಯದಕ್ಕೆ ಪೆಟ್ಟಿಗೆಯೇ ಇಲ್ಲ, ಹೆಡ್‌ಫೋನು:
ನನ್ನ ತಲೆಯೊಳಗೇ ನಾನು ತಪ್ಪು ಮಾಡುವುದು ಕೇಳಿಸಿತು,
ಬೇರೆ ಯಾರಿಗೂ ಇಲ್ಲ. ಅದೊಂಥರಾ ಭಯ.

ಅವನೇ ಗಿಟಾರು ಎತ್ತಿಕೊಂಡು ನುಡಿಸಿ ತೋರಿಸಿದ,
ಉಸಿರಿಗೊಂದು ಇಪ್ಪತ್ತು ಸ್ವರ, ಅರಳು ಸಿಡಿದ ಹಾಗೆ.
ಮಗಾ, ಒಂದೇ ಸಾಕು, ಎಂದೆ. ಮೀಟಿ ಬಿಟ್ಟುಬಿಡು.
ಬರುವುದನ್ನು ನನ್ನ ಪಾದ ನೋಡಿಕೊಳ್ಳುತ್ತದೆ.
ಅದು ಹೋಗುವುದು ಹೇಗೆ, ಅಷ್ಟು ನೋಡಬೇಕು.

ಅವತ್ತು ಏನನ್ನೂ ಕೊಳ್ಳಲಿಲ್ಲ.

ಭಾನುವಾರ ಇಮೋಜೀನಳ ಮನೆಗೆ ಹೋದೆ,
ಸುಮ್ಮನೆ ಹೇಗಿದೆ ಅಂತ ಕೇಳುವುದಕ್ಕೆ, ಎಂದುಕೊಂಡು.
ಅವಳು ಗಿಡವನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗಿಟ್ಟಳು.
ಸ್ವಿಚ್ಚು ಹಾಕಿದಳು. ತಂತಿ ಏನೂ ಸಿಕ್ಕಿಸಿಲ್ಲ.
ಕೆಂಪು ದೀಪ. ಆಮೇಲೆ, ನಿಧಾನಕ್ಕೆ,
ಗುಂಯ್ ಎನ್ನುವ ಒಂದು ಸದ್ದು,
ಫ್ರಿಜ್ಜಿನದಕ್ಕಿಂತ ತುಸು ತಗ್ಗಿನಲ್ಲಿ.
ರಾತ್ರಿ ಹತ್ತಕ್ಕೆ ಹಾಕುತ್ತೇನೆ, ಎಂದಳು.
ಅವನು ಆರಿಸುವುದನ್ನು ಮರೆತು ಮಲಗುತ್ತಿದ್ದ.
ಬೈಯುತ್ತಿದ್ದೆ, ಕರೆಂಟು ನಿಮ್ಮಪ್ಪ ಕಟ್ಟುತ್ತಾನಾ ಅಂತ.
ಕಾಫಿ ಕುಡಿದೆ. ಬೆಲೆಯ ಮಾತು
ಬಾಯಿ ತನಕ ಬಂದದ್ದು ಕಾಫಿಯ ಜೊತೆ ಒಳಗೆ ಹೋಯಿತು.

ಮಂಗಳವಾರ, ಅಂಗಡಿಯ ಹಿಂಬದಿಯಲ್ಲಿ,
ಖಾಲಿ ರಟ್ಟಿನ ಡಬ್ಬಗಳ ಕೆಳಗೆ ಸಿಕ್ಕಿದ್ದು:
ಹನ್ನೆರಡು ಅಂಗುಲದ ಸ್ಪೀಕರು, ಒಂದು ಮೂಲೆ ನಾಯಿ ಕಡಿದದ್ದು.
ಎಫ್ರೇನ್ ಸಂಕೋಚಪಟ್ಟ: ಇದು ಗಿಟಾರಿನದಲ್ಲ,
ಯಾವುದೋ ಚರ್ಚಿನ ಕೀಬೋರ್ಡಿನದು.
ಗಿಟಾರನ್ನು ತೊಡೆಯ ಮೇಲೆ ಮಲಗಿಸಿದೆ,
ಕೋಟಿನ ಜೇಬಿನಿಂದ ಉಕ್ಕಿನ ಕೋಲು ತೆಗೆದು ಜಾರಿಸಿದೆ.
ತಂತಿ ಕಿರಿಕಿರಿ ಮಾಡಿತು, ಅದು ಆ ಗಿಟಾರಿನ ತಪ್ಪು.
ಪೆಟ್ಟಿಗೆಯಿಂದ ಬಂದದ್ದು
ಆಗಷ್ಟೇ ಮುಖ ತೊಳೆದ ಸದ್ದು.
ಹೋಗುವಾಗ ಬಾಗಿಲು ಬಡಿಯದೆ ಹೋಯಿತು.
ನೂರಾ ಎಂಬತ್ತು ಡಾಲರಿಗೆ ನೂರಾ ಅರವತ್ತು ಕೊಟ್ಟೆ.

ಮನೆಯಲ್ಲಿ ಗುಂಡಿಯನ್ನು ಒಂದಕ್ಕಿಟ್ಟರೆ
ಪೆಡಲ್ಲಿನ ಟಕಟಕವೇ ಜೋರು, ಸ್ವರ ಅದರ ಹಿಂದೆ ಬಂದ ಹಾಗೆ.
ಮೂರಕ್ಕಿಟ್ಟರೆ ಸೋಪಿನ ಪುಡಿಯ ಡಬ್ಬ ನಡುಗುತ್ತದೆ.
ಎರಡು. ಎರಡಕ್ಕೆ ಸರಿ.

ಫೋನನ್ನು ಒಣಗಿಸುವ ಯಂತ್ರದ ಮೇಲಿಟ್ಟೆ.
ಆ ತುದಿಯಲ್ಲಿ ಇಮೋಜೀನ್, ತುಟಿ ಪಿಟಕ್ಕೆನ್ನಲಿಲ್ಲ.
ನಿಧಾನದ್ದೊಂದು ವಾಲ್ಟ್ಸ್, ಎರಡು ಕಡೆ ಎಡವಿ, ಮುಗಿಸಿದೆ.
ಕೊನೆಯ ಸ್ವರ ಹೋದ ಮೇಲೂ
ಫೋನಿನಲ್ಲಿ ಏನೋ ಉಳಿದಿತ್ತು.
ಗುಂಯ್.
ಗಡಿಯಾರ ನೋಡಿದೆ. ಇನ್ನೂ ಎಂಟೂವರೆ.

ಮೂರನೇ ತಂತಿ ಇಳಿದಿದೆ, ಎಂದಳು.
ಏರಿಸಿ ಮತ್ತೆ ಶುರುಮಾಡು.