ಮುಚ್ಚಳದ ಸದ್ದು

ಮೆಲ್ರಾಯ್, ನೀನು ಬಾರದೆ ಇದು ಮೂರನೇ ಗುರುವಾರ.
ಸುಲ್ತಾನ್ ಬತ್ತೇರಿಯಲ್ಲಿ ಕೊನೆಯ ದೋಣಿ ಹೋದಮೇಲೂ
ನಾನೂ ಎಬನೇಜರನೂ ಕಟ್ಟೆಯ ಮೇಲೆ ಕೂತಿರುತ್ತೇವೆ,
ನಡುವೆ ನಿನ್ನಷ್ಟೇ ಅಗಲದ ಜಾಗ ಬಿಟ್ಟು.
ಗೋಳಿಬಜೆ ಈಗಲೂ ಮೂವರಿಗೇ ತರುತ್ತಾನೆ ಅವನು,
ರೂಢಿ.
ನಿನ್ನ ಪಾಲು ತಣ್ಣಗಾಗಿ, ಎಣ್ಣೆ ಬಿಟ್ಟು,
ಕಟ್ಟಿದ ಕಾಗದದಾಚೆ ನನ್ನ ಬೆರಳು ಕಾಣುತ್ತದೆ.

ನೆನಪುಂಟಲ್ಲ, ಉರ್ವದ ಹಾಸ್ಟೆಲು,
ಪರೀಕ್ಷೆಗೆ ಹತ್ತು ದಿನ.
ರಾತ್ರಿ ಎರಡಕ್ಕೆ ಮೂವರ ಹೊದಿಕೆಗಳೂ
ಒಳಗಿನಿಂದ ನೀಲಿಯಾಗಿ ಉರಿಯುತ್ತಿದ್ದವು,
ಮೂರು ಮಿಂಚುಹುಳ, ಒಂದನ್ನೊಂದು ಕಾಣದವು.
ಬೆಳಿಗ್ಗೆ ಚಾಪೆಲಿನಲ್ಲಿ ಒಂದೇ ಬೆಂಚು, ಊದಿದ ಆರು ಕಣ್ಣು.
ಎಬನೇಜರನೇ ಮೊದಲು ನಕ್ಕದ್ದು. ಆಮೇಲೆ ಅತ್ತದ್ದೂ ಅವನೇ.
ಅಂದಿನಿಂದ ರಾತ್ರಿ ಹತ್ತಕ್ಕೆ ಮೂರೂ ಫೋನು
ಅವನ ಅಮ್ಮ ಮುಲ್ಕಿಯಿಂದ ಚಕ್ಕುಲಿ ತುಂಬಿ ಕಳಿಸಿದ್ದ
ತಗಡಿನ ಡಬ್ಬದೊಳಗೆ.
ತೆಗೆದರೆ ಮಹಡಿಯೆಲ್ಲ ಕೇಳುವಷ್ಟು ಕಿರುಗುಟ್ಟುವ ಮುಚ್ಚಳ,
ಅದಕ್ಕೇ ಆ ಡಬ್ಬ.

ನಾನು ಚಿಕ್ಕಂದಿನಿಂದ ಹೇಳಿಕೊಂಡು ಬಂದವನೇ,
ಜಾಲರಿಯಾಚೆಯ ಕಿವಿಗೆ, ಮಂಡಿಯೂರಿ,
ಕೆಮ್ಮಿನ ನಡುವೆ ತೂರಿಸಿ,
ಇಷ್ಟು ಸಲ, ಇಷ್ಟು ಸಲ ಎಂದು ಲೆಕ್ಕ ಮಾತ್ರ.
ಕಟ್ಟೆಯ ಮೇಲೆ ಜಾಲರಿ ಇಲ್ಲ.
"ವಾರ ಹೇಗಿತ್ತಾ?" ಎಂದು ಕೇಳುವವನು
ನನ್ನ ಸೋಪಿನಲ್ಲಿ ಮೀಯುವವನು,
ನನ್ನ ಲ್ಯಾಬ್ ರೆಕಾರ್ಡು ನೋಡಿ ಬರೆಯುವವನು.

ಆ ಗುರುವಾರ ನಾನಂದೆ, "ಎಂತ ಇಲ್ಲ ಮಾರಾಯ, ಒಳ್ಳೇದೇ."
ಎಷ್ಟು ಸಲೀಸು.
ಹಿಂದಿನ ರಾತ್ರಿಯಷ್ಟೇ ಆ ಮುಚ್ಚಳದ ಅಂಚಿಗೆ
ತೆಂಗಿನೆಣ್ಣೆ ಸವರಿ ತೆಗೆದಿದ್ದೆ.

ಆಮೇಲೆ ನಿನ್ನ ಸರದಿ. ನೀನು ಎಲ್ಲ ಹೇಳಿದೆ.
"ಇದರಿಂದ ಹೊರಗೆ ಬರ್ಲಿಕ್ಕೆ ಆಗ್ತದಾ ನನಗೆ?" ಎಂದೆ.
ಕೇಳುತ್ತ ನನ್ನ ಮುಖ ಏನೋ ಮಾಡಿತು,
ದಕ್ಕೆಯಲ್ಲಿ ಬಂಗುಡೆಯ ಕಿವಿರು ಬಿಡಿಸಿ ನೋಡಿ
ಬುಟ್ಟಿಗೆ ವಾಪಸು ಎಸೆಯುವವರ ಮುಖ.
ನೀನು ಕಂಡೆ.
ಮಾತು ಅರ್ಧಕ್ಕೆ ಬಿಟ್ಟು "ದೋಣಿ ಬಂತು" ಎಂದು ಎದ್ದೆ.
ದೋಣಿ ಬಂದಿರಲಿಲ್ಲ.
ಶನಿವಾರ ಹಾಸಿಗೆ ಸುತ್ತಿಕೊಂಡು ಬಿಜೈಗೆ, ಮಾವನ ಮನೆಗೆ.

ನಾನು ಹೇಸಿದ್ದು ನಿನಗಲ್ಲ.
ನನ್ನದೇ ವಾರವನ್ನು ನಿನ್ನ ಬಾಯಲ್ಲಿ ಕೇಳಿ
ಅದು ನನ್ನದಲ್ಲವೆಂಬ ಮುಖ ಮಾಡಿದೆ.

ಕುಲಶೇಖರದ ನಮ್ಮ ಹಳೇ ಅಡುಗೆಮನೆಯ ಮಾಡಿನಲ್ಲಿ
ಒಂದೇ ಒಂದು ಗಾಜಿನ ಹೆಂಚಿತ್ತು.
ಹೊಗೆಗೆ ಮಸಿ ಕಟ್ಟಿ ಮಧ್ಯಾಹ್ನವೂ ಸಂಜೆಯಾಗುತ್ತಿತ್ತು.
ಒಳಗೆ ನಿಂತವರಿಗೆ ಅದು ಎಟುಕುವುದಿಲ್ಲ,
ಎಷ್ಟೇ ಉದ್ದದ ಹಿಡಿಸೂಡಿ ಕಟ್ಟಿದರೂ.
ಪಕ್ಕದ ಮನೆಯ ಅಪ್ಪಿಬಾಯಿಯ ಮಗ ಏಣಿ ತರಬೇಕು,
ಮಾಡು ಹತ್ತಿ ಹೆಂಚು ಕಳಚಿ ಕೆಳಗೆ ಕೊಡಬೇಕು.
ಬಜ್ಜಿ ಬೂದಿಯಲ್ಲಿ ತಿಕ್ಕಿ ಕೊಡುವವರೆಗೆ
ಅವನು ಮೇಲೆಯೇ ಕೂತು ಬೀಡಿ ಸೇದುತ್ತಿದ್ದ,
ನಮ್ಮ ಪಾತ್ರೆಪಗಡಿಯೆಲ್ಲ ಅವನಿಗೆ ಕಾಣುತ್ತಿತ್ತು,
ಯಾರೂ ಏನೂ ಅನ್ನುತ್ತಿರಲಿಲ್ಲ.

ಕಳೆದ ವಾರ ಎಬನೇಜರನಿಗೆ ಎಣ್ಣೆಯ ಸಂಗತಿ ಹೇಳಿಬಿಟ್ಟೆ.
ನದಿ ನೋಡುತ್ತ ಕೂತ, ತುಂಬ ಹೊತ್ತು.
"ಬೇರೆ ಡಬ್ಬ ತರುವ" ಅಂದ.
ಸ್ವಲ್ಪ ಬಿಟ್ಟು, "ಬೇಡ, ಅದೇ ಇರ್ಲಿ."
ಇನ್ನೂ ಸ್ವಲ್ಪ ಬಿಟ್ಟು, "ಮೊನ್ನೆ ಮಂಗಳವಾರ ನಾನೂ."
ಈ ಸಲ ನನ್ನ ಮುಖವನ್ನು ಹಿಡಿದುಕೊಂಡೆ, ಕೈಯಲ್ಲೇ.

ಇನ್ನೊಂದು. ನಿನ್ನೆ ಸಿಟಿ ಬಸ್ಸಿನಲ್ಲಿ
ನಮ್ಮ ಕ್ಲಾಸಿನ ಶರ್ಮಿನ್ ತನ್ನ ಚೀಲ ಹಿಡಿಯಲು ಕೊಟ್ಟಳು.
ಸ್ಟೇಟ್‌ಬ್ಯಾಂಕಿನ ತನಕ ಅವಳ ಕಣ್ಣು ನೋಡಿ ಮಾತಾಡಿದೆ.
ಅವಳ ತಮ್ಮನಿಗೆ ಉಬ್ಬಸವಂತೆ.
ಇಷ್ಟೇ.
ಗೆದ್ದೆನೆಂದು ಬರೆಯುತ್ತಿಲ್ಲ, ರಾತ್ರಿಯ ಕಥೆ ಬೇರೆಯೇ,
ಅದನ್ನು ಕಾಗದದಲ್ಲಿ ಹೇಳುವುದಿಲ್ಲ.

ಗುರುವಾರ ಬಾ.
ಮೊದಲು ನನ್ನನ್ನೇ ಕೇಳು.
"ಒಳ್ಳೇದೇ" ಅಂದರೆ ಬಿಡಬೇಡ,
ಮುಚ್ಚಳ ಮೂಸಿ ನೋಡು.