ಕೂಗಳತೆ

ನಾಲ್ಕು ತಿಂಗಳಿಗೆಂದು ಕಳಿಸಿದ್ದರು ಮುಳಬಾಗಿಲಿಗೆ.
ಮರದ ಪೆಟ್ಟಿಗೆಯ ತುಂಬ ಹಿತ್ತಾಳೆ ಬಟ್ಟುಗಳು,
ಐದು ಗ್ರಾಮಿನಿಂದ ಎರಡು ಕಿಲೋವರೆಗೆ
ಮಖಮಲ್ಲಿನ ಗೂಡಿನಲ್ಲಿ ಒಂದೊಂದೂ ಮಲಗಿ.
ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವುದು ನನ್ನ ಕೆಲಸ,
ಕಮ್ಮಿ ತೂಗಿದವರಿಗೆ ದಂಡ ಬರೆಯುವುದು.

ಮಹಡಿಯ ಮೇಲೊಂದು ಕೋಣೆ.
ಕೆಳಗೆ ಟೈಲರ್ ಬಾಬಾಜಾನ್, ರಾತ್ರಿ ಹತ್ತರವರೆಗೂ ಮಿಷನ್ನಿನ ಕಟಕಟ.
ಕಿಟಕಿಯಲ್ಲಿ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ
ಇನ್ನೇನು ಉರುಳೀತು ಎಂಬಂತೆ ಗುಂಡುಕಲ್ಲು.
"ಅವು ಹಂಗೇನೇ ಮೇಡಮ್," ಅಂದ ಬಾಬಾಜಾನ್
ಹಲ್ಲಲ್ಲಿ ದಾರ ಕಡಿಯುತ್ತ,
"ನಮ್ಮ ತಾತನ್ನೂ ಹೆದರ್ಸಿದ್ವು."

ಭಾನುವಾರ ಸ್ಕೂಟರು, ಬಾಟಲಿ ನೀರು,
ಹೆದ್ದಾರಿ ಬಿಟ್ಟು ಎಡಕ್ಕೋ ಬಲಕ್ಕೋ.
ಈ ಸೀಮೆಯಲ್ಲಿ ದಾರಿ ಕೇಳಿದರೆ
ಕಿಲೋಮೀಟರು ಯಾರೂ ಹೇಳುವುದಿಲ್ಲ.
ಆವಣಿಗೆ? "ಇಲ್ಲೇ, ಕೂಗಳತೆ."
ಕೂಗಳತೆ ಮುಗಿದು ಬಹಳ ಹೊತ್ತಿನ ಮೇಲೆ
ಇನ್ನೊಬ್ಬ ಅಂದ, "ಎರಡು ಬೀಡಿ ದೂರ."
ಬೀಡಿ ಸೇದದವಳು ಹೇಗೆ ಲೆಕ್ಕ ಹಿಡಿಯಲಿ?
ಕುರಿ ಕಾಯುವ ಹುಡುಗಿಯೊಬ್ಬಳು ತೆಲುಗಿನಲ್ಲೇನೋ ಹೇಳಿ
ಕನ್ನಡದಲ್ಲಿ ನಕ್ಕಳು.

ನೀಲಗಿರಿ ತೋಪು. ಮುರಿದ ಟೊಮೆಟೊ ಕ್ರೇಟು.
ಹಿಪ್ಪುನೇರಳೆ ಸೊಪ್ಪಿನ ಹೊರೆಯಲ್ಲಿ ಸವಾರ ಕಾಣದೆ
ಹಸಿರು ಪೊದೆಯೊಂದು ಹಾರ್ನ್ ಹೊಡೆದು ಮುಂದೆ ಹೋಯಿತು.
ಕೆರೆ ಏರಿಯ ಮೇಲೆ ವೀರಗಲ್ಲು,
ಯಾವ ಕಾಲದಲ್ಲೋ ದನ ಬಿಡಿಸಹೋಗಿ ಸತ್ತವನ ಎದೆಗೆ
ಯಾರೋ ಬೆರಣಿ ತಟ್ಟಿದ್ದರು,
ಐದೂ ಬೆರಳಿನ ಗುರುತು ಒಣಗಿತ್ತು.

ಆವಣಿಯಲ್ಲಿ ಸಾಲುಗುಡಿ,
ಲಿಂಗಗಳಿಗೆ ರಾಮನ, ತಮ್ಮಂದಿರ ಹೆಸರು.
ಸೀತೆ ಮಾತ್ರ ಬೆಟ್ಟದ ಮೇಲೆ.
ಮೂರು ಕಡೆ ಕೂತು, ಏದುಸಿರು ಬಿಟ್ಟು, ಹತ್ತಿದೆ.
ಅವಳನ್ನು ಒಂದು ಮಾತು ಕೇಳಬೇಕೆಂದಿದ್ದೆ. ಕೇಳಲಿಲ್ಲ.
ಕೆಳಗೆ ಅಣ್ಣತಮ್ಮಂದಿರೆಲ್ಲ ಬೆಂಕಿಪೊಟ್ಟಣದಷ್ಟು ಕಂಡರು.

ಕುರುಡುಮಲೆಯ ಗಣಪನೆದುರು ಕತ್ತೆತ್ತಿ
ಎಷ್ಟಿರಬಹುದು ತೂಕ ಎಂದೆ, ಅಭ್ಯಾಸಬಲ.
ಅರ್ಚಕರು ನಗದೆ ಕೇಳಿದರು, "ತಕ್ಕಡಿ ತಂದಿದ್ದೀರಾ?"
ಅಲ್ಲೇ ಇನ್ನೊಂದು ಗುಡಿಯ ಜಗತಿಯಲ್ಲಿ
ಎರಡು ಕಚ್ಚುಗಳ ನಡುವೆ ಒಂದು ಗೆರೆ.
ಹೊಲ ಅಳೆದ ಕೋಲಿನ ಗುರುತೋ,
ಕಲ್ಲುಕುಟಿಗನ ಮಗ ಬೇಸರಕ್ಕೆ ಗೀಚಿದ್ದೋ.
ಟೇಪು ತಂದಿರಲಿಲ್ಲ. ಗೋಡೆಗೆ ಎದೆಯೊಡ್ಡಿ ತೋಳು ಚಾಚಿದೆ.
ನನ್ನ ಮಾರಿಗಿಂತ ನಾಲ್ಕು ಬೆರಳು ಹೆಚ್ಚು.
ಕಲ್ಲಿಗೆ ಮಧ್ಯಾಹ್ನದ ಬಿಸಿ ಇನ್ನೂ ಇತ್ತು.

ಮೂರನೇ ತಿಂಗಳಿಗೆ ಅವರೆ ಕಾಯಿಕಟ್ಟಿ
ಗಾಳಿಯೆಲ್ಲ ಸೊಗಡು.
ವಿರೂಪಾಕ್ಷಿ ತಿರುವಿನ ಹುಣಸೆಮರದಡಿ
ಗಂಗುಲಮ್ಮ, ಗೋಣಿಯ ಮೇಲೆ ಸುಲಿದ ಕಾಳು,
ಹಿತ್ತಾಳೆ ಪಟ್ಟಿಯ ಮರದ ಪಾವು.
ಮುದ್ರೆಯಿಲ್ಲ. ನಿಯಮದ ಪ್ರಕಾರ ಕಿತ್ತುಕೊಳ್ಳಬೇಕು.
ಇವತ್ತು ಭಾನುವಾರ ಎಂದು ನನಗೆ ನಾನೇ ಹೇಳಿಕೊಂಡೆ,
ಕೈ ಕೇಳಬೇಕಲ್ಲ, ಬಾಟಲಿಯ ನೀರು ಹೊಯ್ದು ನೋಡಿದೆ:
ಇರಬೇಕಾದ್ದಕ್ಕಿಂತ ಎರಡು ಗುಟುಕು ಜಾಸ್ತಿ.
ಒರೆಸಿಕೊಂಡು, ಗೋಪುರ ನಿಲ್ಲುವಂತೆ ಕಾಳು ತುಂಬಿ ಸುರಿದು
ಮೇಲೆ ಒಂದು ಹಿಡಿ ಕೊಸರು ಹಾಕಿದಳು.
"ನಿಮಗೇ ನಷ್ಟ ಅಲ್ವಾ?"
"ನಮ್ಮತ್ತೇದು ಈ ಪಾವು," ಅಂದಳು
ಅದೇ ಉತ್ತರ ಎಂಬಂತೆ.
ಹೆಚ್ಚಿದ್ದರೂ ತಪ್ಪೇ, ಕಾಯಿದೆಯಲ್ಲಿದೆ.
ನನ್ನ ನಮೂನೆಯಲ್ಲಿ ಮಾತ್ರ
'ಕೊರತೆ' ಎಂದೊಂದೇ ಕಾಲಂ.

ನಾಲ್ಕು ತಿಂಗಳು ತುಂಬಿದಾಗ
ಇನ್ನೂ ಎಂಟು ದಿನ ಬೇಕೆಂದು ಅರ್ಜಿ ಬರೆದೆ.
ಕಾರಣ: ತಪಾಸಣೆ ಬಾಕಿ.
ಸುಳ್ಳೇನಲ್ಲ, ಬೂದಿಕೋಟೆ ನೋಡಿರಲಿಲ್ಲ.
ಆ ಎಂಟು ದಿನದ ಬಾಡಿಗೆ ಬಾಬಾಜಾನ್ ಮುಟ್ಟಲಿಲ್ಲ.
"ಕೊಸರು," ಅಂದ.
ಎಷ್ಟು ದೂರ ಬೂದಿಕೋಟೆ, ಕೇಳಿದೆ.
ಬಾಯ್ತುಂಬ ಗುಂಡುಪಿನ್ನು. ಬೆಟ್ಟಕ್ಕೆ ಬೆನ್ನುಮಾಡಿ
ಕತ್ತರಿಯ ತುದಿಯಿಂದ ತೋರಿಸಿದ.