ಏಣಿಯ ಮೇಲಿನ ಆರು ಅಂಕಿ

ಹುತ್ತರಿ ಕಳೆದ ಮೂರನೇ ದಿನ
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿಗೆ
ಲಾರಿಯಲ್ಲಿ ಮಲಗಿಕೊಂಡು ಬಂತು ಕಲರ್ ಸಾರ್ಟರ್.
ಇಳಿಸುವಾಗ ಹಗ್ಗ ಹಿಡಿದವರು ನಾವೇ,
ನಿಧಾನ, ನಿಧಾನ ಎಂದವರೂ.

ಹದಿನಾಲ್ಕು ವರ್ಷ ನನ್ನ ಬೆರಳು ಹೆಕ್ಕಿದ್ದನ್ನೆಲ್ಲ
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು
ಅದರ ಗಾಜಿನ ಕಣ್ಣು ಕಂಡಿತು,
ಫೂ ಎಂದು ಗಾಳಿ ಊದಿ ಆಚೆ ಹಾಕಿತು.
ಸೋಮವಾರ ಗೇಟಿನಲ್ಲಿ
ನಮ್ಮ ಹನ್ನೊಂದು ಜನರ ಹೆಸರು.
ಜಗಳವಿಲ್ಲ. ಒಂದು ಹಾಳೆ, ಒಂದು ಪಿನ್ನು.

ಕೆಲಸ ಹೋದವರಿಗೂ ತೊಂಬತ್ತು ದಿನ
ಅರ್ಧ ಕೂಲಿ ಉಂಟಂತೆ,
ಹೇಳಿದ್ದು ಚೋಂದಮ್ಮ, ಅವಳಿಗೆ ಹೇಳಿದ್ದು ಬಸ್ಸಿನಲ್ಲಿ ಯಾರೋ.
ತಿಂಗಳು ತಿಂಗಳು ಮುರಿದುಕೊಂಡದ್ದು
ಹಾಗಾದರೆ ಹೊಳೆಗೆ ಹೋಗಿಲ್ಲ.
ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸೈಬರಿನ ಹುಡುಗಿ ಪರದೆ ನೋಡಿ ಹೇಳಿದಳು:
ಆಧಾರಿನ ಪುಷ್ಪಾವತಿಗೆ ಒಂದು ಎಚ್ ಜಾಸ್ತಿ, ಅಕ್ಕ.
ಎಲ್ಲಿ?
ಕೊನೆಗೆ, ತಿ ಅನ್ನುವಲ್ಲಿ.
ಬಾಯಲ್ಲಿ ಹೇಳಿ ನೋಡಿದೆ, ಎರಡು ಸಲ.
ನಾಲಿಗೆಗೆ ಎಲ್ಲಿಯೂ ತಗಲಲಿಲ್ಲ.

ತಿದ್ದಲು ಕಂಪನಿಯ ಸೀಲು ಬೇಕು.
ಸೀಲಿನ ಬೀರು ಕೀ ಮ್ಯಾನೇಜರ ಬಳಿ,
ಮ್ಯಾನೇಜರು ಬದಲಾಗಿದ್ದಾರೆ,
ಹೊಸಬರು ಸಂಕ್ರಾಂತಿ ಕಳೆದು ಬರುತ್ತಾರೆ.
ನನ್ನ ಡಬ್ಬಿಯ ಅಕ್ಕಿರೊಟ್ಟಿ ತಿಂದ ವಾಚ್‌ಮನ್
ರಿಜಿಸ್ಟರ್ ಮುಂದೆ ತಳ್ಳಿದ.
ಹೆಸರು? ಯಾರನ್ನು ನೋಡಬೇಕು? ಕಾರಣ?
ಕಾರಣದ ಜಾಗದಲ್ಲಿ ಗೆರೆ ಎಳೆದೆ.

ಬಸ್ಸು ಹೆಂಗಸರಿಗೆ ಪುಕ್ಕಟೆ.
ಜೆರಾಕ್ಸ್ ಅಲ್ಲ.

ಸೀಲು ಸಿಕ್ಕಿತು, ಎಚ್ ಹೋಯಿತು. ಉಳಿದದ್ದು ಫೋನಿನ ಗಂಟು.
ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಯಾರಿಗೂ ಫೋನಿರಲಿಲ್ಲ,
ಹನ್ನೊಂದು ಜನಕ್ಕೂ ತನ್ನ ನಂಬರನ್ನೇ ಬರೆಸಿದ್ದರು
ಮೊಯಿದು ಮೇಸ್ತ್ರಿ, ಉಪಕಾರಕ್ಕೆ.
ಈಗವರು ನೆಲ್ಯಹುದಿಕೇರಿಯಲ್ಲಿ
ಯಾರದೋ ತೋಟದ ಕರಿಮೆಣಸು ಕೊಯ್ಯುತ್ತಾರೆ.

ಮೇಸ್ತ್ರೀ, ಆರು ಅಂಕಿ ಬರ್ತದೆ, ಓದಿ ಹೇಳಿ.
ಇರು, ಏಣಿ ಮೇಲಿದ್ದೇನೆ.
ಬಿದಿರಿನ ಒಂಟಿ ಏಣಿ, ಸೊಂಟಕ್ಕೆ ಚೀಲ,
ಕನ್ನಡಕ ಕೆಳಗೆ, ಬುತ್ತಿಯ ಜೊತೆ.
ಫೋನಿನೊಳಗೆ ಮೆಟ್ಟಿಲಿಳಿಯುವ ಸದ್ದು,
ಏದುಸಿರು, ಎಲೆ, ಯಾವುದೋ ಹಕ್ಕಿ.
ನಾಲ್ಕು... ಎರಡು... ಒಂಬತ್ತೋ ಏಳೋ...
ಹೋಯ್ತಕ್ಕ, ಟೈಮು ಮುಗೀತು. ಇನ್ನೊಮ್ಮೆ ಕಳಿಸಲಾ?

ಮತ್ತೆ ಹತ್ತಬೇಡಿ ಮೇಸ್ತ್ರಿ, ಒಂದೈದು ನಿಮಿಷ.
ನನಗೂ ಕಿಲೋ ಲೆಕ್ಕ, ಪುಷ್ಪಾ, ಎಂದರು.
ನಿಂತರು.
ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ,
ಹಾಜರಿ ಕರೆದ ಹಾಗೆ.

ಆಮೇಲೆ ಪರದೆಯ ಮೇಲೆ ಒಂದೇ ಮಾತು:
ಪ್ರಕ್ರಿಯೆಯಲ್ಲಿದೆ.
ಮನೆಯಲ್ಲಿ ಅಕ್ಕಿ ಹೆಕ್ಕುತ್ತೇನೆ,
ಕಲ್ಲಿಲ್ಲದ ಅಕ್ಕಿಯಲ್ಲೂ ಬೆರಳು ನಿಲ್ಲುವುದಿಲ್ಲ.
ಕಿವಿಯ ಓಲೆ ಸೊಸೈಟಿಯಲ್ಲಿ.
ಹೂಮಳೆ ಬಿತ್ತು.
ಎಂಟನೇ ದಿನ ರಸ್ತೆಯ ಎರಡೂ ಬದಿ ಬೆಳ್ಳಗೆ,
ತಲೆನೋಯುವಷ್ಟು ಘಮ.
ಅದು ಮಾತ್ರ ಹೇಳಿದ ದಿನಕ್ಕೆ ಬಂತು.

ಒಂದು ಮುಸ್ಸಂಜೆ ಮೇಸ್ತ್ರಿಯ ಫೋನು:
ಬಂತು, ಬಂತು! ಬ್ಯಾಂಕಿನ ಮೆಸೇಜು!
ಯಾರದ್ದು, ಚೋಂದಮ್ಮನದ್ದಾ?
ಅಲ್ಲ, ಕೊನೆಯ ನಾಲ್ಕು ನಂಬರು ನಿನ್ನದೇ.
ಎಷ್ಟು?
ಕನ್ನಡಕ ಹುಡುಕುವಷ್ಟು ಹೊತ್ತು ಸುಮ್ಮನಿದ್ದರು.
ಹುಡುಕಿದ ಮೇಲೂ ಸುಮ್ಮನಿದ್ದರು.
ಒಂದು ರೂಪಾಯಿ.

ಖಾತೆಗೆ ಜೀವ ಉಂಟೋ ಅಂತ ನೋಡೋದಕ್ಕ,
ಎಂದಳು ಸೈಬರಿನ ಹುಡುಗಿ,
ಮೂಗಿನ ಹತ್ತಿರ ಬೆರಳು ಹಿಡಿದ ಹಾಗೆ.
ಉಂಟು ಅಂತ ಒತ್ತು ಮಗಾ, ಎಂದೆ.
ಒತ್ತಿದಳು.
ಪ್ರಿಂಟ್ ಬೇಕಾ?
ಹತ್ತು ರೂಪಾಯಿ.
ಬೇಡ ಎಂದೆ.